ಏಳನೆಯ ತರಗತಿ ಕೇಳಿದ ‘ಯಾಕ’

ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಬೀದರದಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಯೊಂದರ ಹಿರಿಯ ಉಪನ್ಯಾಸಕನಾಗಿದ್ದೆ. ನನ್ನ ವಿಷಯ ಗಣಿತ. ಆಗ ನಮ್ಮ ಕಚೇರಿಗಳಲ್ಲಿ ‘ಕಲಿಕಾ ಫಲ’ ಎಂಬ ಮಾತು ಬಹಳ ಓಡಾಡುತ್ತಿತ್ತು. ಒಂದು ತರಗತಿ ಮುಗಿಸಿದ ಮಗುವಿಗೆ ಏನು ಬರಬೇಕು ಎಂಬ ಮಾನದಂಡ ಅದು. ಲೆಕ್ಕ ಬಿಡಿಸಿದರೆ ಸಾಲದು, ಅದು ಹಾಗೇಕೆ ಎಂದು ಮಗು ತನ್ನ ಮಾತಿನಲ್ಲಿ ಹೇಳಬೇಕು ಎಂದು ಹೊಸ ಮಾನದಂಡ ಕೇಳುತ್ತಿತ್ತು. ಆದರೆ ಅದನ್ನು ಕಲಿಸಬೇಕಾದ ಶಿಕ್ಷಕರಿಗೆ ನಾವು ಕೊಡುತ್ತಿದ್ದುದು ಮಾತ್ರ ಅದೇ ಹಳೆಯ ಭಾಷಣ, ಅದೇ ಸ್ಲೈಡು.

ತರಬೇತಿಯಲ್ಲಿ ನಿಜವಾದ ಮಕ್ಕಳನ್ನು ಕೂರಿಸಿ, ಶಿಕ್ಷಕರ ಎದುರೇ ಪಾಠ ಮಾಡಿಸೋಣ ಎಂದು ನಾನು ನಮ್ಮ ಮೇಲಧಿಕಾರಿ ಸಾಹೇಬರಿಗೆ ಹೇಳಿದೆ. ಅವರು, ಭಾಲ್ಕಿಯ ತರಬೇತಿಯಲ್ಲಿ ಒಂದು ಸಲ ಮಾಡಿ ನೋಡಿ, ನಾನೇ ಬಂದು ಕೂರುತ್ತೇನೆ ಎಂದರು. ಕೆಟ್ಟರೆ ಮತ್ತೆ ಭಾಷಣವೇ ಗತಿ ಎಂಬುದು ಇಬ್ಬರಿಗೂ ಗೊತ್ತಿತ್ತು.

ಭಾಲ್ಕಿಗೆ ತರಬೇತಿಗೆಂದು ಬಂದ ಶಿಕ್ಷಕರಲ್ಲಿ ಪಾಠ ಮಾಡಲು ಯಾರೂ ಒಪ್ಪಲಿಲ್ಲ. ಗೊತ್ತಿಲ್ಲದ ಮಕ್ಕಳು, ಹಿಂದೆ ಸಾಲಾಗಿ ಸಹೋದ್ಯೋಗಿಗಳು, ಮುಂದಿನ ಕುರ್ಚಿಯಲ್ಲಿ ಸಾಹೇಬರು, ಹಿಂಜರಿದದ್ದು ಸಹಜವೇ. ಕೊನೆಗೆ ಔರಾದ್ ತಾಲ್ಲೂಕಿನ ಸಂತಪುರದ ಕಡೆಯಿಂದ ಬಂದಿದ್ದ ಸುಜಾತಾ ಎಂಬ ಶಿಕ್ಷಕಿ ಎದ್ದು ನಿಂತರು. ಸಣ್ಣ ದನಿಯ ಹೆಂಗಸು. ಭಿನ್ನರಾಶಿಯ ಭಾಗಾಕಾರ ತಮಗೂ ಕಷ್ಟವೇ, ಆದರೂ ಅದನ್ನೇ ತೆಗೆದುಕೊಳ್ಳುತ್ತೇನೆ ಎಂದರು.

ಭಾಲ್ಕಿಯ ಶಾಲೆಯೊಂದರ ಏಳನೆಯ ತರಗತಿಯ ಮಕ್ಕಳು ಬಂದು ಕುಳಿತರು. ಸುಜಾತಾ ಟೀಚರ್ ಮೂರನ್ನು ಅರ್ಧದಿಂದ ಭಾಗಿಸುವ ಲೆಕ್ಕ ಬರೆದು, ಭಾಜಕವನ್ನು ತಿರುವಿ ಹಾಕಿ ಗುಣಿಸಿದರು. ಉತ್ತರ ಆರು. ಮಕ್ಕಳು ಬರೆದುಕೊಳ್ಳತೊಡಗಿದರು. ಎರಡನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟಳು. ಅವಳ ಹೆಸರು ಪ್ರಜ್ಞಾ.

“ಟೀಚರ್, ಭಾಗ ಮಾಡಿದ್ರ ಕಡಿಮಿ ಆಗಬೇಕಲ್ರಿ? ಇದು ಯಾಕ ಜಾಸ್ತಿ ಆಯ್ತು?”

ಸುಜಾತಾ ಬೋರ್ಡಿನತ್ತ ತಿರುಗಿದರು, ಮತ್ತೆ ಹುಡುಗಿಯತ್ತ ನೋಡಿದರು. ಸಹಾಯಕ್ಕೆಂದು ನಾನು ಅರ್ಧ ಎದ್ದೆ. ಅವರು ಕೈಸನ್ನೆಯಲ್ಲೇ ನನ್ನನ್ನು ಕೂರಿಸಿದರು.

“ನನಗೂ ಗೊತ್ತಿಲ್ಲವ್ವ,” ಎಂದರು. “ನಾ ಕಲಿಯುವಾಗ ತಿರುವಿ ಹಾಕ್ರಿ ಅಂತಷ್ಟೇ ಹೇಳಿದ್ರು. ಯಾಕ ಅಂತ ನಾ ಕೇಳಲೇ ಇಲ್ಲ. ಬಾ, ಇಬ್ಬರೂ ಕೂಡಿ ನೋಡೋಣು.”

ನನಗೆ ಸಾಹೇಬರ ಮುಖ ನೋಡುವ ಧೈರ್ಯ ಬರಲಿಲ್ಲ. ಸುಜಾತಾ ಶಿಕ್ಷಕರ ಬಳಿಯಿದ್ದ ನೀರಿನ ಬಾಟಲಿಗಳನ್ನು ಕೇಳಿ ತರಿಸಿದರು. ಒಂದು ಲೀಟರಿನ ಮೂರು ತುಂಬಿದ ಬಾಟಲಿ, ಅರ್ಧ ಲೀಟರಿನ ಖಾಲಿ ಬಾಟಲಿಗಳು. ಎಷ್ಟು ತುಂಬುತ್ತವೆ, ಮೊದಲು ಹೇಳಿ ಎಂದರು. ಬಾಟಲಿಗಳತ್ತ ನೋಡದೆ ಮೂರರ ಅರ್ಧ ತೆಗೆದು, ಹೆಚ್ಚಿನವರು ಒಂದೂವರೆ ಎಂದರು. ನೀರು ಸುರಿದಾಗ ಆರು ತುಂಬಿದವು. ಅರ್ಧದಿಂದ ಭಾಗಿಸುವುದೆಂದರೆ ಎರಡು ಪಾಲು ಮಾಡುವುದಲ್ಲ, ಅದರೊಳಗೆ ಎಷ್ಟು ಅರ್ಧಗಳಿವೆ ಎಂದು ಕೇಳುವುದು ಎಂಬುದು ಮಕ್ಕಳಿಗೆ ಹೊಳೆಯಿತು. ಬಾಟಲಿ ಸಣ್ಣದಾದಷ್ಟೂ ಹೆಚ್ಚು ಬೇಕು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸುಜಾತಾ ನಿಲ್ಲಿಸಲಿಲ್ಲ. ಮುಕ್ಕಾಲು ಲೀಟರಿನ ಬಾಟಲಿ ಇದ್ದರೆ ಎಂದು ಕೇಳಿದರು. ಅಂಥ ಬಾಟಲಿ ಅಲ್ಲಿರಲಿಲ್ಲ. ಪ್ರಜ್ಞಾ ಕಣ್ಣು ಮುಚ್ಚಿ ಎಣಿಸಿ ಹೇಳಿದಳು: “ಒಂದು ಲೀಟರಿನ್ಯಾಗ ನಾಕು ಪಾವ್ ಅವ. ಮೂರು ಲೀಟರಿಗಿ ಹನ್ನೆರಡು. ಮುಕ್ಕಾಲು ಅಂದ್ರ ಮೂರು ಪಾವ್. ಹನ್ನೆರಡರಾಗ ಮೂರು ಮೂರು ತೆಗದ್ರ ನಾಕು ಬಾಟ್ಲಿ. ನಾಕರಿಂದ ಗುಣಿಸಿ ಮೂರರಿಂದ ಭಾಗಿಸಿದಾಂಗಾಯ್ತಲ್ರಿ ಟೀಚರ್. ಅದಕ್ಕೇ ತಿರುವಿ ಹಾಕೋದು.”

ನಾವು ತಲೆಮಾರುಗಳಿಂದ ಬಾಯಿಪಾಠ ಮಾಡಿಸುತ್ತಿದ್ದ ನಿಯಮವನ್ನು ಆ ಹುಡುಗಿ ನಮ್ಮ ಕಣ್ಣೆದುರಿಗೇ ಹೊಸದಾಗಿ ಕಟ್ಟಿ ನಿಲ್ಲಿಸಿದ್ದಳು. ಹಿಂದಿನ ಸಾಲಿನಲ್ಲಿದ್ದ, ನಿವೃತ್ತಿಯ ಅಂಚಿನ ಶಿಕ್ಷಕರೊಬ್ಬರು ಬೆರಳು ಮಡಿಸುತ್ತ ಅವಳ ಲೆಕ್ಕವನ್ನೇ ಮತ್ತೆ ಮಾಡಿ ನೋಡುತ್ತಿದ್ದರು. ಸುಜಾತಾ ಬೋರ್ಡಿಗೆ ಒರಗಿ ನಿಂತಿದ್ದರು, ಮುಖದ ಮೇಲೆ ಮಕ್ಕಳದ್ದೇ ಬೆರಗು.

ಪಾಠ ಮುಗಿದ ಮೇಲೆ ಸಾಹೇಬರು ಎದ್ದರು. ಗೊತ್ತಿಲ್ಲ ಎಂದು ಶಿಕ್ಷಕಿಯೇ ಹೇಳಿದರೆ ಮಕ್ಕಳಿಗೆ ಅವರ ಮೇಲೆ ಗೌರವ ಉಳಿಯುತ್ತದೆಯೇ ಎಂಬುದು ಅವರ ಅನುಮಾನ. ನೇರ ಪ್ರಜ್ಞಾಳನ್ನೇ ಕೇಳಿದರು: “ನಿಮ್ಮ ಟೀಚರಿಗೆ ಉತ್ತರ ಗೊತ್ತಿರಲಿಲ್ಲವಲ್ಲ, ನಿನಗೇನನಿಸಿತು?”

“ಈಗ ಗೊತ್ತಾಗ್ಯಾದಲ್ರಿ ಸರ,” ಎಂದಳು ಹುಡುಗಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಸಾಹೇಬರು ನಕ್ಕರು. ಮುಂದಿನ ತರಬೇತಿಗಳಿಗೂ ಮಕ್ಕಳನ್ನು ಕರೆಸಿ ಎಂದು ಅಲ್ಲಿಯೇ ಹೇಳಿ ಹೋದರು. ಅಂದು ಮಧ್ಯಾಹ್ನ ನನ್ನ ಸ್ಲೈಡುಗಳನ್ನು ಬದಿಗಿಟ್ಟೆ. ತಮಗೆ ‘ಯಾಕ’ ಗೊತ್ತಿಲ್ಲದ ಪಾಠ ಯಾವುದು ಎಂದು ಶಿಕ್ಷಕರು ಒಬ್ಬೊಬ್ಬರಾಗಿ ಹೇಳತೊಡಗಿದ್ದರು. ಸಂಜೆ ಔರಾದ್ ಬಸ್ಸಿನ ಹೊತ್ತಾದರೂ ಯಾರೂ ಏಳಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೂ, ಶಿಕ್ಷಕರಾಗಲು ನಮ್ಮಲ್ಲಿಗೆ ಬಂದವರನ್ನು ಮೊದಲ ವಾರವೇ ಮಕ್ಕಳ ಎದುರು ನಿಲ್ಲಿಸಿದೆ. ಮಾನದಂಡವನ್ನು ಎಷ್ಟು ಚೆನ್ನಾಗಿ ಬರೆದರೂ ಅದು ತರಗತಿಗೆ ತಾನಾಗಿ ನಡೆದು ಹೋಗುವುದಿಲ್ಲ. ಮಗುವಿನ ಪ್ರಶ್ನೆಗೆ ಹೆದರದೆ ನಿಲ್ಲುವ ಶಿಕ್ಷಕರು ಬೇಕು. ಅಂಥ ಶಿಕ್ಷಕಿಯ ಮುಂದೆ ಒಂದು ಮಗು ಎಷ್ಟು ಎತ್ತರಕ್ಕೆ ಬೆಳೆದು ನಿಲ್ಲಬಲ್ಲದು ಎಂಬುದನ್ನು ನನ್ನ ಕೆಲಸ ನನಗೆ ಭಾಲ್ಕಿಯಲ್ಲಿ ತೋರಿಸಿತು.