ನರ್ಸಮ್ಮನ ಗಾಡಿ

ಹಚ್ಚೊಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಹೆರಿಗೆ ಮಾಡಿಸಿದ ಕೊಟ್ರಬಸಮ್ಮನನ್ನು ಆ ಊರು ಹೆಸರು ಹಿಡಿದು ಕರೆದದ್ದೇ ಇಲ್ಲ. ಎಲ್ಲರ ಬಾಯಲ್ಲೂ ಆಕೆ ನರ್ಸಮ್ಮ. ನಲವತ್ತೆಂಟರ ವಯಸ್ಸಿನಲ್ಲಿ ಆಕೆ ಬಿಳಿ ಕಾರೊಂದನ್ನು ಕೊಂಡು ಓಡಿಸಲು ಕಲಿತಾಗ ಊರಿನವರು ನಕ್ಕಿದ್ದರು. ಆಂಬುಲೆನ್ಸ್ ತಡವಾದ ದಿನಗಳಲ್ಲಿ ಬಸುರಿಯರನ್ನು ಅದರ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸಿರುಗುಪ್ಪಕ್ಕೆ ಓಡತೊಡಗಿದ ಮೇಲೆ ನಗು ನಿಂತಿತು. ಅದೇ ಊರಿನ ಜಂಬಮ್ಮನ ಮಗಳು, ತುಂಬು ಬಸುರಿ ರೇಣುಕಾ, ರಕ್ತ ಹೋಗಿ ಹೋಗಿ ಕೈಕಾಲು ತಣ್ಣಗಾಗಿದ್ದಾಗ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿ ಉಳಿಸಿದ್ದೂ ಅದೇ ಕಾರು.

ನಿವೃತ್ತಿಯಾಗಿ ಬಳ್ಳಾರಿಯ ಪಾರ್ವತಿನಗರಕ್ಕೆ ಬಂದು ಎರಡು ವರ್ಷಕ್ಕೆ ಕಣ್ಣು ಮಂಜಾಯಿತು. ಇನ್ನು ಗಾಡಿ ಓಡಿಸಬೇಡಿ ಎಂದರು ಡಾಕ್ಟರು. ಗಂಡ ದೊಡ್ಡಬಸವರಾಜರಿಗೆ ಸೈಕಲ್ಲಿನ ಆಚೆ ಏನೂ ಬಾರದು. ಹದಿನಾಲ್ಕು ವರ್ಷದ ಕಾರನ್ನು ಮಾರುವುದೆಂದಾಯಿತು. ಫೋನಿನಲ್ಲಿ ಜಾಹೀರಾತು ಹಾಕಿದ ಮೂರನೆಯ ದಿನ ಕುರುಗೋಡಿನ ಪಕ್ಕೀರಪ್ಪ ಎಂಬವನು ಬಂದ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಕೈಮುಗಿದು, ನೀರು ಕೇಳಿ ಕುಡಿದ. ಮಗಳು ಕಾಲೇಜಿಗೆ ಹೋಗಾಕ ಒಂದು ಗಾಡಿ ಬೇಕಾಗೇತಿ ಎಂದ.

ಕೊಟ್ರಬಸಮ್ಮ ಅವನ ಕೈಗೆ ಒಂದು ಚೀಟಿ ಕೊಟ್ಟಳು. ಬಸುರಿಯರ ತಾಯಿ ಕಾರ್ಡು ತುಂಬಿ ತುಂಬಿ ದುಂಡಗಾದ ಅಕ್ಷರದಲ್ಲಿ ಗಾಡಿಯ ರೋಗಗಳನ್ನೆಲ್ಲ ಬರೆದಿದ್ದಳು. ಬಳ್ಳಾರಿಗೆ ಬಂದ ವರ್ಷ ಕಾಲುವೆ ಒಡೆದು ಸೀಟಿನ ಮಟ್ಟ ನೀರು ಹೊಕ್ಕಿದೆ. ವೈರಿಂಗ್ ರಿಪೇರಿಯಾಗಿದೆ, ಆದರೂ ಜೋರು ಮಳೆಯಲ್ಲಿ ನಿಲ್ಲುವುದುಂಟು. ಎರಡನೆಯ ಗೇರು ಬಿಗಿ. ಒಂದು ಲಕ್ಷ ಎಂಬತ್ತಾರು ಸಾವಿರ ಕಿಲೋಮೀಟರು ಓಡಿದೆ.

"ಇಷ್ಟು ಖರೇ ಹೇಳಿ ಯಾರೂ ಗಾಡಿ ಮಾರಾಂಗಿಲ್ರಿ ಅಮ್ಮ," ಎಂದ ಪಕ್ಕೀರಪ್ಪ. ಎಂದವನೇ ಒಂದೊಂದು ರೋಗಕ್ಕೂ ಒಂದಿಷ್ಟು ಬೆಲೆ ಇಳಿಸಿದ.

ದೊಡ್ಡಬಸವರಾಜರು ಒಳಗೆ ಕರೆದು, "ಎಲ್ಲಾ ನೀನ ಹೇಳಿ ಕುಂತ್ರ ಅವ ಯಾಕ ಹೆಚ್ಚು ಕೊಡ್ತಾನ?" ಎಂದರು.

"ಆತನ ಮಗಳು ಕುಂದ್ರೋ ಗಾಡಿ ಅದು. ಸುಮ್ನಿರ್ರಿ ನೀವು."

ಪಕ್ಕೀರಪ್ಪ ನಗದು ಎಣಿಸಿ ಕೊಟ್ಟ. ವರ್ಗಾವಣೆಯ ಫಾರಮ್ಮಿಗೆ ಆಕೆಯ ಸಹಿ ಹಾಕಿಸಿಕೊಂಡು, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟ. "ಮಗಳ ಹೆಸರಿಗೇ ಮಾಡಸ್ತೀನ್ರಿ. ಆಕಿ ಆಧಾರ್ ತಿದ್ದುಪಡಿಗೆ ಕೊಟ್ಟೇವಿ, ಬಂದ ಮ್ಯಾಲ ಬರ್ಕೋತೀನಿ." ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಎರಡು ತಿಂಗಳ ಮೇಲೆ ಒಂದು ಮುಂಜಾನೆ ಜಂಬಮ್ಮ ಮತ್ತು ಅವಳ ಮಗ ಮಾರೇಶ ಬಂದರು. ಮಾರೇಶ ಕೊಟ್ರಬಸಮ್ಮನ ಕೈಯಲ್ಲೇ ಹುಟ್ಟಿದವನು. ಆಕೆ ಹಿಗ್ಗಿ ಚಹಾಕ್ಕಿಡಲು ಎದ್ದಳು.

"ಚಾ ಬ್ಯಾಡ್ರಿ ನರ್ಸಮ್ಮ," ಎಂದಳು ಜಂಬಮ್ಮ. "ನೀವು ಹಿಂಗ ಮಾಡ್ತೀರಂತ ಅನ್ಕೊಂಡಿದ್ದಿಲ್ಲ."

ಬಾಡಿಗೆಗೆ ಓಡಿಸಲೆಂದು ಮಾರೇಶ ಆ ಕಾರನ್ನು ಕೊಂಡಿದ್ದ. ಕೊಟ್ಟವನು ಪಕ್ಕೀರಪ್ಪ. ಮೀಟರಿನಲ್ಲಿ ಎಪ್ಪತ್ತೆರಡು ಸಾವಿರ ಕಿಲೋಮೀಟರು ತೋರುತ್ತಿತ್ತು. ಮೊನ್ನೆಯ ಮಳೆಯಲ್ಲಿ ಡಯಾಲಿಸಿಸ್ಸಿಗೆ ಹೊರಟ ಮುದುಕನೊಬ್ಬನನ್ನು ಕೂರಿಸಿಕೊಂಡಿದ್ದಾಗಲೇ ಗಾಡಿ ನಡುದಾರಿಯಲ್ಲಿ ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಬೇಕಾಯಿತು. ಮೆಕ್ಯಾನಿಕ್ ಮ್ಯಾಟು ಎತ್ತಿ ನೋಡಿ, ಇದು ನೀರು ಕುಡಿದ ಗಾಡಿ ಎಂದ.

"ಅವ ಮೂರೂವರಿ ಲಕ್ಷ ಅಂದ್ರೂ ನಾವು ಚೌಕಾಸಿ ಮಾಡ್ಲಿಲ್ರಿ," ಎಂದ ಮಾರೇಶ. "ನರ್ಸಮ್ಮನ ಗಾಡಿ, ಆಕಿನ ಮಾರಾಕ ನನಗ ಹೇಳ್ಯಾಳ ಅಂದ. ಅವ್ವ ಕೈ ಮುಗುದು ರೊಕ್ಕ ಕೊಟ್ಳು."

ಕೊಟ್ರಬಸಮ್ಮನಿಗೆ ಸಿಕ್ಕಿದ್ದು ಅದರ ಅರ್ಧವೂ ಅಲ್ಲ. "ನಾ ಎಲ್ಲಾ ಬರ್ದು ಕೊಟ್ಟಿದ್ನಪಾ, ನೀರು ಹೊಕ್ಕದ್ದು ಸೈತ," ಎಂದಳು. ಎಲ್ಲಿದೆ ಎಂದು ಮಾರೇಶ ಕೇಳಿದ. ಬರೆದಿದ್ದದ್ದು ಒಂದೇ ಚೀಟಿ, ಅದು ಪಕ್ಕೀರಪ್ಪನ ಜೇಬು ಸೇರಿತ್ತು.

ಅವತ್ತೇ ಮಾರೇಶನನ್ನು ಕರೆದುಕೊಂಡು ಬಸ್ಸು ಹತ್ತಿ ಕುರುಗೋಡಿಗೆ ಹೋದಳು. ಪಕ್ಕೀರಪ್ಪನ ಮನೆಯ ಮುಂದೆ ಮೂರು ಹಳೆಯ ಕಾರುಗಳು ನಿಂತಿದ್ದವು. ಅವನಿಗಿದ್ದದ್ದು ಒಬ್ಬನೇ ಮಗ, ಶಾಲೆಗೆ ಹೋಗುವವನು. ಪಕ್ಕೀರಪ್ಪ ಕುರ್ಚಿ ಹಾಕಿಸಿದ.

"ನಾ ಏನು ಸುಳ್ಳು ಹೇಳೀನ್ರಿ ಅಮ್ಮ? ನರ್ಸಮ್ಮನ ಗಾಡಿ ಅಂದೆ. ಅಲ್ಲೇನು?"

"ನನ್ನ ಚೀಟಿ ಎಲ್ಲಿ?"

"ಯಾವ ಚೀಟೀರಿ?"

ಪೊಲೀಸರಿಗೆ ಹೇಳುತ್ತೇನೆಂದು ಆಕೆ ಎದ್ದಾಗ ಅವನು ತಡೆಯಲಿಲ್ಲ. "ಹೇಳ್ರಿ. ಕಾಗದದಾಗ ನನ್ನ ಹೆಸರು ಎಲ್ಲೈತಿ? ಮಾರಿದಾಕಿ ನೀವು, ಸಹಿ ನಿಮ್ದು. ಕೊಂಡಾವ ಈ ತಮ್ಮ. ನಡುವ ನಾ ಯಾರ್ರಿ?"

ಕೊಟ್ರಬಸಮ್ಮ ಮಾರೇಶನ ಕಡೆ ತಿರುಗಿದಳು. ಅವನು ಅವಳನ್ನೂ ನೋಡಿದ, ಪಕ್ಕೀರಪ್ಪನನ್ನೂ ನೋಡಿದ. ಇಬ್ಬರೂ ಕೂಡಿ ಆಡುತ್ತಿರುವ ಆಟವೇನೋ ಎಂಬ ಸಂಶಯ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಠಾಣೆಗೆ ಬಾ ಎಂದರೆ, "ಕೋರ್ಟು ಕಚೇರಿ ಅಲೆಯಾಕ ನಮ್ಮ ಕೈಲಿ ಆಗಾಂಗಿಲ್ರಿ," ಎಂದುಬಿಟ್ಟ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆಕೆಯ ಪಕ್ಕದ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ಕೂತ.

ಒಬ್ಬಳೇ ಠಾಣೆಗೆ ಹೋಗಿ ದೂರು ಬರೆದುಕೊಟ್ಟಳು. ಅಲ್ಲಿನವರೂ ಕಾಗದದಲ್ಲಿ ಅವನ ಹೆಸರೇ ಇಲ್ಲವಲ್ಲ ಎಂದರು. ಕೊನೆಗೆ ತನಗೆ ಬಂದಿದ್ದ ಹಣವನ್ನೆಲ್ಲ ಮಾರೇಶನ ಖಾತೆಗೆ ಹಾಕಿದಳು. ದೊಡ್ಡಬಸವರಾಜರು ನಾಲ್ಕು ದಿನ ಮಾತು ಬಿಟ್ಟರು. "ತಪ್ಪು ಮಾಡ್ದಾವ್ರಂಗ ಯಾಕ ಕೊಟ್ಟಿ?" ಎಂದು ಐದನೆಯ ದಿನ ಕೇಳಿದರು. ಊರಿನವರೂ ಹಾಗೆಯೇ ತಿಳಿದರು. ತಪ್ಪಿಲ್ಲದಿದ್ದರೆ ಯಾರಾದರೂ ಹಣ ಹಿಂದಕ್ಕೆ ಕೊಡುತ್ತಾರೆಯೇ ಎಂಬ ಮಾತು ಹಚ್ಚೊಳ್ಳಿಯಿಂದ ಬಳ್ಳಾರಿಯವರೆಗೂ ಬಂತು.

ದೀಪಾವಳಿಯ ಮುಂಚೆ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ರೇಣುಕಾ ಸಿಕ್ಕಳು. ಜೊತೆಯಲ್ಲಿ, ಅಂದು ಆ ಕಾರಿನಲ್ಲಿ ಹೋಗಿ ಹೆತ್ತ ಮಗಳಿದ್ದಳು. ಕೊಟ್ರಬಸಮ್ಮ ಮಗುವಿನ ಕೆನ್ನೆ ಮುಟ್ಟಲು ಕೈ ಚಾಚಿದಳು. ರೇಣುಕಾ ಹುಡುಗಿಯನ್ನು ಮೆಲ್ಲಗೆ ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡು, "ಬಸ್ ಬಂತ್ರಿ," ಎಂದಳು.

ಬಸ್ಸು ಇನ್ನೂ ಬಂದಿರಲಿಲ್ಲ.