ಆಂಕರೇಜಿನ ಶುಕ್ರವಾರ

ಇವತ್ತು ಬೆಳಿಗ್ಗೆ ಕಪಾಟಿನ ಮೇಲಿನ ಖಾನೆ ಒರೆಸಲು ಹೋದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಪ್ಲಾಸ್ಟಿಕ್ ಚೀಲದೊಳಗೆ ಬೂದಿಬಣ್ಣದ ಉಣ್ಣೆ ಟೋಪಿ. ಕಿವಿ, ಕತ್ತು ಎರಡನ್ನೂ ಮುಚ್ಚುವಂಥದ್ದು. ಕುವೈತಿನ ಯಾವ ಚಳಿಗೂ ಅಷ್ಟು ದಪ್ಪದ ಟೋಪಿ ಬೇಕಿಲ್ಲ.

ಅದನ್ನು ಹೆಣೆದವರು ಎದುರು ಫ್ಲ್ಯಾಟಿನ ಸಿಸ್ಟರ್. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತ ಮನೆಯವರು, ಮದುವೆಯಾದವರಲ್ಲ. ಅರ್ಧ ಆಯಸ್ಸನ್ನು ಇಲ್ಲಿನ ಆಸ್ಪತ್ರೆಯಲ್ಲೇ ನರ್ಸಾಗಿ ಕಳೆದಿದ್ದರು. ಕೆಲಸದ ಕರಾರು ಮುಂದುವರಿಯುವುದಿಲ್ಲ ಎಂದಾಗ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಯುವುದರೊಳಗೆ ದಾರಿ ಹುಡುಕಬೇಕಾಯಿತು. ಊರಿನಲ್ಲಿ ಅಮ್ಮ ತೀರಿಕೊಂಡಿದ್ದರು, ಕಾಯುವವರು ಯಾರೂ ಇರಲಿಲ್ಲ. ಅಮೆರಿಕದ ನರ್ಸಿಂಗ್ ಪರೀಕ್ಷೆ ಪಾಸಾದರು. ಕರೆದದ್ದು ಮಾತ್ರ ಅಲಾಸ್ಕಾದ ಆಂಕರೇಜ್‌ನ ಒಂದು ಆಸ್ಪತ್ರೆ.

ಮದುವೆಗೆ ಮುಂಚೆ ನಾನು ಮಂಡ್ಯದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಅಷ್ಟು ಸಾಕಾಯಿತು, ಸಂಜೆ ಸಂಜೆ ಪಾಠಕ್ಕೆ ಬಂದು ಕೂತರು. ಹೊರಗೆ ಬಿಸಿಗಾಳಿ, ಒಳಗೆ ಎಸಿ ಕೆಳಗೆ ಕೂತು ಉಣ್ಣೆ ಹೆಣೆಯುತ್ತಾ ಕೇಳುತ್ತಿದ್ದರು. ಅಲಾಸ್ಕಾ ಅಮೆರಿಕದ ಅತಿ ದೊಡ್ಡ ರಾಜ್ಯ, ರಷ್ಯಾದವರಿಂದ ಕೊಂಡದ್ದು. ಅತಿ ದೊಡ್ಡ ಊರು ಆಂಕರೇಜ್, ಆದರೆ ರಾಜಧಾನಿ ಜೂನೋ. ಆ ರಾಜಧಾನಿಗೆ ರಸ್ತೆಯೇ ಇಲ್ಲ, ವಿಮಾನವೋ ಹಡಗೋ ಹತ್ತಬೇಕು. ಬೇಸಿಗೆಯಲ್ಲಿ ರಾತ್ರಿಯೂ ಬೆಳಕು, ಚಳಿಗಾಲದಲ್ಲಿ ಹಗಲು ಬಂದ ಕೂಡಲೇ ಹೋಗುತ್ತದೆ...

"ಎಣ್ಣೆ ಬಾವಿ ಉಂಟಾ ಟೀಚರೇ ಅಲ್ಲಿ?"

"ಬೇಕಾದಷ್ಟಿದೆ ಸಿಸ್ಟರ್."

"ಹಾಗಾದ್ರೆ ಎಂತ ಹೆದರುದು? ಇದೇ ಕುವೈತ್, ಸ್ವಲ್ಪ ತಂಪು ಅಷ್ಟೆ!"

ಹೆದರಿಕೆ ಇತ್ತು. ಆ ವಯಸ್ಸಿನಲ್ಲಿ ಗುರುತಿಲ್ಲದ ಊರಿನಲ್ಲಿ ತನ್ನವರು ಅನ್ನುವವರು ಸಿಗುತ್ತಾರೋ ಇಲ್ಲವೋ ಎಂಬ ಹೆದರಿಕೆ. ಟೋಪಿ ಎರಡು ಹೆಣೆದರು. ಒಂದನ್ನು ನನ್ನ ಕೈಗಿಟ್ಟು, "ನನ್ನನ್ನು ನೋಡ್ಲಿಕ್ಕೆ ಬರುವಾಗ ಹಾಕ್ಕೊಳ್ಳಿ" ಎಂದರು.

ಹೋದ ಮೊದಲ ವಾರವೇ ಫೋನು ಬಂತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಬೆಳಿಗ್ಗೆ ಎದ್ದು, ಒಳ್ಳೆಯ ಸೀರೆ ಉಟ್ಟು, ಮೇಲೆ ಕೋಟು ಹಾಕಿಕೊಂಡು, ಹಿಮದಲ್ಲಿ ಜಾರುತ್ತಾ ಚರ್ಚಿಗೆ ಹೋಗಿದ್ದರು. ಬಾಗಿಲಿಗೆ ಬೀಗ. ಅಂದು ಶುಕ್ರವಾರ. ಕುವೈತಿನಲ್ಲಿ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಗೂ ಇಲ್ಲಿನವರು ಅಂದೇ ಹೋಗುತ್ತಾರೆ. ಅಷ್ಟು ವರ್ಷಗಳ ರೂಢಿ ಅವರ ಕಾಲಿನಲ್ಲೇ ಇತ್ತು.

"ಹಿಮ ಎತ್ತುವವ ಸಂಡೇ ಬನ್ನಿ ಅಂದ. ಅಲಾಸ್ಕಾದ್ದು ಎಲ್ಲ ಹೇಳಿಕೊಟ್ರಿ ಟೀಚರೇ, ರಜೆ ಯಾವತ್ತು ಅಂತ ಹೇಳ್ಲೇ ಇಲ್ಲ!"

ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ಅವರ ಫೋನು. ಅಲ್ಲಿ ಆಗ ಗುರುವಾರದ ರಾತ್ರಿ ಊಟದ ಹೊತ್ತು. ನಮ್ಮ ಕಟ್ಟಡದವರನ್ನು ಅಹ್ಮದಿ ಪಟ್ಟಣದ ಚರ್ಚಿಗೆ ಕರೆದೊಯ್ಯುವ ವ್ಯಾನು ಕೆಳಗೆ ಬಂದು ಹಾರ್ನ್ ಹೊಡೆಯುತ್ತದಲ್ಲ, ಅದನ್ನು ಕೇಳಿಸಬೇಕು. ನಾನು ಫೋನನ್ನು ಕಿಟಕಿಯ ಹೊರಗೆ ಹಿಡಿಯುತ್ತಿದ್ದೆ. "ಆಯ್ತು, ಕೇಳಿತು. ಯಲ್ಲಾ, ಇನ್ನು ಊಟ ಮಾಡ್ತೇನೆ" ಎಂದು ಇಲ್ಲಿನ ಅರಬ್ಬಿ ಬೆರೆಸಿ ಹೇಳುತ್ತಿದ್ದರು.

ಒಂದು ಶುಕ್ರವಾರ ಫೋನು ಬರಲಿಲ್ಲ. ನಾನು ಹಾರ್ನ್ ಮುಗಿದ ಮೇಲೂ ಕಾದೆ. ಮರುವಾರವೂ ಇಲ್ಲ. ಅದಾದ ಮೇಲೆ ಅವರು ಫೋನು ಮಾಡಿದಾಗ ಅವರ ದನಿಯೇ ಬೇರೆಯಾಗಿತ್ತು. ಗುರುವಾರ ರಾತ್ರಿ ಚರ್ಚಿನಲ್ಲಿ ಹಾಡಿನ ಅಭ್ಯಾಸವಂತೆ, ಇವರನ್ನೂ ಸೇರಿಸಿಕೊಂಡಿದ್ದಾರಂತೆ. ಭಾನುವಾರ ಪೂಜೆಯ ನಂತರ ಫಿಲಿಪೀನ್ಸಿನ ಗೆಳತಿಯರ ಮನೆಯಲ್ಲಿ ಊಟವಂತೆ. "ಈಗ ನನ್ನ ಭಾನುವಾರ ಭಾನುವಾರವೇ ಬರ್ತದೆ ಟೀಚರೇ." ನನಗೆ ಸಂತೋಷವಾಯಿತು. ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಫೋನು ಬರಬರುತ್ತಾ ಹಬ್ಬಕ್ಕೊಂದು ಎಂಬಂತಾಯಿತು.

ಕಳೆದ ಚಳಿಗಾಲದಲ್ಲಿ ಆ ಗೆಳತಿಯರಲ್ಲೊಬ್ಬರು ಫೋನು ಮಾಡಿ, ಸಿಸ್ಟರ್ ತೀರಿಕೊಂಡರು ಎಂದರು. ಕಾಯಿಲೆಯ ವಿಷಯವನ್ನು ಸಿಸ್ಟರ್ ನನಗೆ ಹೇಳಿಯೇ ಇರಲಿಲ್ಲ. ಅಂತಿಮ ಪೂಜೆಗೆ ಚರ್ಚಿನ ತುಂಬ ಜನ ಸೇರಿದ್ದರಂತೆ, ಹಾಡಿನವರೆಲ್ಲ ಹಾಡಿದರಂತೆ. ಪೂಜೆ ಯಾವತ್ತು ಎಂದು ಕೇಳಿದೆ. ಶುಕ್ರವಾರ ಬೆಳಿಗ್ಗೆ ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು. ಅಂದು ಬೀಗ ಹಾಕಿದ್ದ ಆ ಬಾಗಿಲನ್ನು ಅವರಿಗಾಗಿ ಶುಕ್ರವಾರವೇ ತೆರೆದಿದ್ದರು.

ನಾನು ಆಂಕರೇಜಿಗೆ ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ. ಟೋಪಿಯನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಾಗ ಕೆಳಗೆ ವ್ಯಾನಿನ ಹಾರ್ನ್ ಕೇಳಿತು. ಯಾರಿಗೆ ಎಂದು ಯೋಚಿಸುವ ಮೊದಲೇ ಫೋನು ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತಿದ್ದೆ.