ಹೊಸ್ತಿಲಲ್ಲಿ ಬಿಚ್ಚಿದ ಗಡಿಯಾರ

ಖಾನಾಪುರದ ಇಮಾಮಹುಸೇನರು ನಂದಗಡದ ಸಂತೆಯಲ್ಲಿ ಬಟ್ಟೆ ಮಾರುವವರು. ಎಪ್ಪತ್ತರ ದಶಕದಲ್ಲಿ ಕೈಗಡಿಯಾರ ಕಟ್ಟಿದವರೆಲ್ಲ ಅಂಗಿಯ ತೋಳನ್ನು ಒಂದು ಮಡಿಕೆ ಹೆಚ್ಚೇ ಏರಿಸುತ್ತಿದ್ದರು. ಇವರು ಮಾತ್ರ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ಗಡಿಯಾರ ಬಿಚ್ಚಿ ಒಳಕಿಸೆಗೆ ಹಾಕುತ್ತಿದ್ದರು. ಚಪ್ಪಲಿ ಹೊರಗೆ, ಗಡಿಯಾರ ಒಳಗೆ. ಇದು ಖಾನಾಪುರಕ್ಕೆಲ್ಲ ಗೊತ್ತಿತ್ತು. ಬೆಳಗಾವಿಗೆ ಗೊತ್ತಿರಲಿಲ್ಲ.

ಬೆಳಗಾವಿಯ ಸದಾಶಿವನಗರದ ಚಾಂದಸಾಬರ ಮಗನಿಗೆ ಇವರ ಮಗಳು ನಜ್ಮುನ್ನಿಸಾಳನ್ನು ಕೊಡುವ ಮಾತು ನಡೆದಿತ್ತು. ಅವರು ಹುಡುಗಿಯನ್ನು ನೋಡಿ ಒಪ್ಪಿದ್ದರು. ಹುಡುಗನ ಮನೆ ನೋಡಲು ಇವರು ಒಂದು ಮಧ್ಯಾಹ್ನ ಹೋದರು. ಗಡಿಯಾರ ಕಿಸೆಗಿಳಿದದ್ದನ್ನು ಚಾಂದಸಾಬರ ಹೆಂಡತಿ ಜೈತುನಬೀ ಕಿಟಕಿಯಿಂದ ನೋಡಿಬಿಟ್ಟರು. ಗಂಡನನ್ನು ಒಳಗೆ ಕರೆದರು.

“ನೋಡಿದ್ರೇನು? ನಮ್ಮನ್ನ ಕಳ್ಳರಂತ ತಿಳಕೊಂಡಾನ!”

“ಗಡಿಯಾರದ ಪಟ್ಟಿ ಹರದಿರಬೇಕ, ಬಿಡ.”

“ಇಲ್ಲಾಂದ್ರ ಗಡಿಯಾರನ ಕಳುವಿಂದು. ಹಿಂಡಲಗಾ ಜೇಲಿನಿಂದ ಯಾವಾಗ ಬಿಟ್ಟಾರೋ ಏನೋ! ಈ ಸಂಬಂಧ ನನಗ ಬ್ಯಾಡ.”

ಗಡಿ ಯಾರದೆಂದು ಜಗಳವಾಡುವ ಊರಿನಲ್ಲಿ ಗಡಿಯಾರ ಯಾರದೆಂಬ ಅನುಮಾನ ಹುಟ್ಟಿತು. ಚಹಾ ಬಂತು, ಅದಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಇಮಾಮಹುಸೇನರಿಗೂ ಸಂಶಯ: ಒಳಗೇಕೆ ಇಷ್ಟು ಪಿಸುಮಾತು? ಹುಡುಗನಲ್ಲೇ ಏನಾದರೂ ಐಬಿದೆಯೇ?

ಪರದೆಯಾಚೆಯಿಂದ ಜೈತುನಬೀ ಪರೀಕ್ಷೆಯಿಟ್ಟರು. “ಟೈಮ ಎಷ್ಟಾತ್ರಿ?”

“ನೀವ ಹೇಳಬೇಕ್ರಿ,” ಎಂದರು ಇಮಾಮಹುಸೇನರು, ಕಿಸೆಗೆ ಕೈಹಾಕದೆ.

ಅಲ್ಲಿಗೆ ಕಳವು ಸಾಬೀತಾಯಿತು.

ಹೊತ್ತಿಳಿಯಿತು. ಹೋಗಿ ಎನ್ನಲು ಚಾಂದಸಾಬರಿಗೆ ಮರ್ಯಾದೆ ಅಡ್ಡ. ಅವರು ಬೀಳ್ಕೊಡದೆ ಏಳಲು ಇವರಿಗೆ ಮರ್ಯಾದೆ ಅಡ್ಡ. ಎರಡು ಮರ್ಯಾದೆಗಳ ನಡುವೆ ಖಾನಾಪುರದ ಬಸ್ಸು ಹೊರಟೇಹೋಯಿತು.

“ನಿಮ್ಮ ಬಸ್ ಹೋತಲ್ರೀ!” ಎಂದರು ಚಾಂದಸಾಬರು.

“ಹೋಗಲಿ ಬಿಡ್ರಿ, ಇನ್ನೊಂದ ಬರತೈತಿ.”

ಜೈತುನಬೀ ಪರದೆ ಸರಿಸಿ ಬಂದೇಬಿಟ್ಟರು. “ಕಿಸೇದಾಗ ಗಡಿಯಾರ ಇಟಗೊಂಡು ಬಸ್ ತಪ್ಪಿಸಿಕೊಂಡ್ರಿ. ನಾವೇನ ಕಸಗೊಂತೀವೇನ್ರಿ? ಖರೇ ಹೇಳ್ರಿ.”

ಮಗಳ ಮದುವೆ ಕಣ್ಣೆದುರೇ ಮುರಿಯುತ್ತಿತ್ತು. ಇಮಾಮಹುಸೇನರು ತಲೆ ತಗ್ಗಿಸಿದರು. “ಮಂದಿ ಮನ್ಯಾಗ ಕುಂತು ಗಡಿಯಾರ ನೋಡೂದಂದ್ರ, ನಿಮ್ಮ ಮಾರಿ ನೋಡಿ ಸಾಕಾತು ಅಂದಂಗ್ರಿ ಆಪಾ. ಕೈಯಾಗ ಇದ್ರ ಕಣ್ಣು ಅದರ ಕಡೇನ ಹೊಕ್ಕಾವು, ಅದಕ್ಕ ಬಿಚ್ಚತೀನಿ. ನೀವು ಕೇಳಿದಾಗ ತಗದಿದ್ರೂ, ಹೊಂಟ ನಿಂತಂಗ ಆಕ್ಕಿತ್ತು.”

ಜೈತುನಬೀ ಇಮಾಮಹುಸೇನರ ಮುಖವನ್ನೇ ದಿಟ್ಟಿಸಿದರು, ಗಂಡನ ಮುಖ ನೋಡಿದರು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

“ಊಟಾ ಮಾಡೇ ಹೋಗ್ರಿ, ಬೀಗರ,” ಎಂದರು ಚಾಂದಸಾಬರು. ಬೀಗರು ಎಂಬ ಮಾತು ಆ ಮನೆಯಲ್ಲಿ ಮೊದಲ ಸಲ ಕೇಳಿದ ಇಮಾಮಹುಸೇನರು ಗೋಡೆಗೆ ಒರಗಿ ಕುಳಿತರು.

ಅಡುಗೆಮನೆಯಿಂದ ಜೈತುನಬೀಯ ದನಿ ಬಂತು. “ಮದುವಿ ಆಗಲಿ. ಆದ್ರ ವ್ಯಾಳ್ಯಾ ನೋಡೂದ ತಪ್ಪಂತ ಮಗಳಿಗೂ ಕಲಿಸ್ಯಾರೇನು ಕೇಳ್ರಿ. ನಮ್ಮ ಒಲಿ ಮ್ಯಾಲಿನ ಅನ್ನ ಸೀದು ಹೋದೀತು!”